ದಮ್ಮಡಿ ಏಟಿಗೆ ಆಂಪ್ಲಿಫೈಯರ್ ಆಫ್ ಆಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ಕಡೆಯ ಹಳ್ಳಿ. ಐದು ಜನರ ಭಜನೆ ತಂಡ. ಕರೆಂಟ್ ಇಲ್ಲದ ಜಾಗದಲ್ಲಿ ಹಾಡಲು 12 ವೋಲ್ಟಿನ ಸಣ್ಣ ಆಂಪ್ಲಿಫೈಯರ್ ತಂದಿದ್ದೇವೆ. ಪವರ್ ಬ್ಯಾಂಕಿನ 5 ವೋಲ್ಟನ್ನು 12ಕ್ಕೆ ಏರಿಸುವ ಕೇಬಲ್ ಹಾಕಿದ್ದೇವೆ. ದಮ್ಮಡಿ ಜೋರಾಗಿ ಬಾರಿಸಿದರೆ ಆಫ್ ಆಗುತ್ತದೆ. ಹಾಡು ನಿಲ್ಲಿಸಿ ಸುಮ್ನೆ ಕೂತರೂ ಆಫ್! ಆಂಪ್ಲಿಫೈಯರ್ ಕೆಟ್ಟಿದೆಯಾ?

ಉತ್ತರ: ಇಲ್ಲ, ಅದನ್ನು ಬಿಚ್ಚಲು ಹೋಗಬೇಡಿ. ತೊಂದರೆ ಇರುವುದು ಪವರ್ ಬ್ಯಾಂಕಿನಲ್ಲಿ. ಸಾಮಾನ್ಯ ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್, 2 ಆಂಪ್, ಅಂದರೆ 10 ವ್ಯಾಟ್. 12 ವೋಲ್ಟಿಗೆ ಏರಿಸಿದಾಗ 0.8 ಆಂಪ್ ಕೂಡ ಸಿಗುವುದಿಲ್ಲ. ದಮ್ಮಡಿಯ ಒಂದೊಂದು ಏಟಿಗೂ ಆಂಪ್ಲಿಫೈಯರ್ ಆ ಕ್ಷಣಕ್ಕೆ ಅದರ ಎರಡರಷ್ಟು ಎಳೆಯುತ್ತದೆ. ಬ್ಯಾಂಕ್ ತಡೆಯದೆ ಬಾಗಿಲು ಹಾಕುತ್ತದೆ. ನೀವು ಸುಮ್ಮನಿದ್ದಾಗ ಕರೆಂಟ್ ತೀರಾ ಕಡಿಮೆ ಹರಿಯುತ್ತದಲ್ವಾ, ಫೋನ್ ಫುಲ್ ಆಯಿತು ಅಂದುಕೊಂಡು ಆಗಲೂ ಆಫ್ ಆಗುತ್ತದೆ.

12 ವೋಲ್ಟ್, 7 ಆಂಪ್ ಅವರ್ ಸೀಲ್ಡ್ ಬ್ಯಾಟರಿ ತನ್ನಿ, ಯುಪಿಎಸ್ ಒಳಗೆ ಇರುತ್ತದಲ್ಲ, ಅದೇ. ಲೆಕ್ಕಕ್ಕೆ 84 ವ್ಯಾಟ್ ಅವರ್. ಅರ್ಧ ಮಾತ್ರ ಬಳಸಿ, ಪೂರ್ತಿ ಹಿಂಡಿದರೆ ಬೇಗ ಸಾಯುತ್ತದೆ. ಭಜನೆಗೆ ಸರಾಸರಿ 8 ವ್ಯಾಟ್ ಹಿಡಿದರೂ ಐದು ಗಂಟೆ ಹಾಡಬಹುದು. ತೂಕ ಮಾತ್ರ ಎರಡು ಕೇಜಿಗೂ ಜಾಸ್ತಿ. ಹೊತ್ತು ನಡೆಯುವವರಿಗೆ ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಒಳ್ಳೆಯದು. 6 ಆಂಪ್ ಅವರಿನದು ಒಂದು ಕೇಜಿಯೊಳಗೆ ಬರುತ್ತದೆ. ಅದಕ್ಕೆ ಅದರದೇ ಚಾರ್ಜರ್ ಬೇಕು. ಇನ್ವರ್ಟರ್ ಸಹವಾಸ ಬೇಡ. 12ನ್ನು 230 ಮಾಡಿ ಮತ್ತೆ 12ಕ್ಕೆ ಇಳಿಸುವುದರಲ್ಲೇ ಸಾಕಷ್ಟು ಚಾರ್ಜ್ ಹಾಳು.

ವೈರ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ದಾವಣಗೆರೆಯ ನನ್ನ ಟೇಬಲ್ ಮೇಲೆ ಇಂಥದೇ ಸೆಟ್ಟಿಗೆ ಮೂರು ಮೀಟರ್ ತೆಳು ವೈರ್ ಹಾಕಿ ವೋಲ್ಟ್‌ಮೀಟರ್ ಹಿಡಿದಿದ್ದೆ. ಬ್ಯಾಟರಿ ತುದಿಯಲ್ಲಿ 12.4. ಆಂಪ್ಲಿಫೈಯರ್ ತುದಿಯಲ್ಲಿ, ಏಟು ಬಿದ್ದಾಗಲೆಲ್ಲ 11ಕ್ಕೆ ಕುಸಿಯುತ್ತಿತ್ತು, ದನಿ ಒಡೆಯುತ್ತಿತ್ತು. 1.5 ಸ್ಕ್ವೇರ್ ಎಂಎಂ ವೈರನ್ನೇ ಹಾಕಿ, ಗಿಡ್ಡ ಇದ್ದಷ್ಟೂ ಒಳ್ಳೆಯದು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 5 ಆಂಪ್ ಫ್ಯೂಸ್ ಇರಲಿ.

ಒಂದು ಕಾರ್ತಿಕದ ರಾತ್ರಿ ಟಾರ್ಚ್ ಬೆಳಕಲ್ಲಿ ನಾನೇ ಪ್ಲಸ್ಸು ಮೈನಸ್ಸು ಅದಲು ಬದಲು ಕೊಟ್ಟೆ. ಸುಟ್ಟ ವಾಸನೆ ಬಂತು, ಅಷ್ಟೇ. ಹಾಡಲು ಬಂದಿದ್ದ ಅಜ್ಜ ಬೆಳಗಿನವರೆಗೂ ಮೈಕಿಲ್ಲದೆ ಹಾಡಿದರು, ಗಂಟಲು ಕಟ್ಟಿಹೋಯಿತು. ಆ ಬೇಜಾರು ಇನ್ನೂ ಇದೆ. ಅದಕ್ಕೇ ಹೇಳುತ್ತೇನೆ, ಒಂದೇ ಕಡೆಯಿಂದ ಕೂರುವ ಕನೆಕ್ಟರನ್ನು ಹಗಲಲ್ಲೇ ಬೆಸುಗೆ ಹಾಕಿಸಿಕೊಳ್ಳಿ.

ಸೀಲ್ಡ್ ಬ್ಯಾಟರಿ ತಂದರೆ, ಬೆಳಗಿನ ಜಾವ ಮನೆಗೆ ಬಂದರೂ ಮೊದಲು ಚಾರ್ಜಿಗೆ ಹಾಕಿ, ಆಮೇಲೆ ಮಲಗಿ.