ಚೇಂಬರ್ ಗಾರ್ಡ್ ಮನೆಯಲ್ಲೇ ಅಳವಡಿಸಬಹುದೇ?

ಪ್ರಶ್ನೆ: ಅಡಿಕೆ, ಗೊಬ್ಬರ ಸಾಗಿಸಲು ನಾವು ಮಾರುತಿ ಈಕೋ ವ್ಯಾನ್ ಬಳಸುತ್ತೇವೆ. ಮಳೆಗೆ ಮಣ್ಣು ಕೊಚ್ಚಿಹೋಗಿ ತೋಟದ ದಾರಿಯ ನಡುವೆ ಕಲ್ಲುಗಳು ಎದ್ದು ನಿಂತಿವೆ. ಒಮ್ಮೆ ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿಗೆ (ಎಣ್ಣೆ ತೊಟ್ಟಿಗೆ) ಕಲ್ಲು ಬಡಿದು ಎಣ್ಣೆಯೆಲ್ಲ ಸೋರಿತು. ಅದನ್ನು ಕಾಯಲು ಅಡಿಯಲ್ಲಿ ಕಬ್ಬಿಣದ ತಗಡನ್ನು, ಅಂದರೆ ಚೇಂಬರ್ ಗಾರ್ಡನ್ನು, ನಾನೇ ಕೂರಿಸಬಹುದೇ? ವೆಲ್ಡಿಂಗ್ ಮಾಡಿಸಿದರೆ ಹೆಚ್ಚು ಗಟ್ಟಿಯಲ್ಲವೇ?
— ಓದುಗರೊಬ್ಬರು, ಕೊಪ್ಪ

ಉತ್ತರ: ಕೂರಿಸಬಹುದು, ಆದರೆ ವೆಲ್ಡಿಂಗ್ ಬೇಡ. ಈಕೋಗೆ ಲಾರಿಯಂತೆ ಬೇರೆ ಚಾಸಿ (ಭಾರ ಹೊರುವ ಕಬ್ಬಿಣದ ಚೌಕಟ್ಟು) ಇಲ್ಲ. ತೆಳು ತಗಡನ್ನು ಮಡಿಸಿ ಮಾಡಿದ ಪೊಳ್ಳು ಪಟ್ಟಿಗಳೇ ಅದರ ಬೆನ್ನೆಲುಬು. ಅವನ್ನು ಬೆಸೆದರೆ ಒಳಗಿನ ಲೇಪ ಸುಟ್ಟುಹೋಗುತ್ತದೆ, ಅಲ್ಲಿಗೆ ಮತ್ತೆ ಬಣ್ಣ ಹಚ್ಚಲು ಕೈ ಹೋಗುವುದಿಲ್ಲ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಅಲ್ಲದೆ ರಿಪೇರಿ ಬಂದಾಗ ತಗಡನ್ನು ಬಿಚ್ಚುವ ಅನುಕೂಲವೂ ಇರಬೇಕಲ್ಲ.

ಈಕೋದ ಎಂಜಿನ್ ಮುಂದಿನ ಸೀಟುಗಳ ಕೆಳಗೆ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿದ್ದು ಸದಾ ಅಲುಗಾಡುತ್ತಿರುತ್ತದೆ. ಆದ್ದರಿಂದ ಗಾರ್ಡಿನ ಒಂದು ಬೋಲ್ಟನ್ನೂ ಎಂಜಿನ್ನಿಗಾಗಲಿ ಗೇರ್ ಬಾಕ್ಸಿಗಾಗಲಿ ಹಾಕಬಾರದು. ಹಾಕಿದರೆ ನಡುಕ ಇಡೀ ವ್ಯಾನಿಗೆ ಬರುವುದಷ್ಟೇ ಅಲ್ಲ, ಕಲ್ಲಿನ ಪೆಟ್ಟು ನೇರವಾಗಿ ಎಂಜಿನ್ನಿಗೆ ತಲುಪುತ್ತದೆ. ಕ್ರಾಸ್ ಮೆಂಬರ್ (ವ್ಯಾನಿನ ಅಡಿಯ ಅಡ್ಡಪಟ್ಟಿ) ಮತ್ತು ಅಕ್ಕಪಕ್ಕದ ಪಟ್ಟಿಗಳಲ್ಲಿ ಈಗಾಗಲೇ ಇರುವ ರಂಧ್ರಗಳನ್ನು ಬಳಸಿ, ಗಾರ್ಡ್ ಬಾಡಿಯಿಂದಲೇ ತೂಗುವಂತೆ ಮಾಡಿ, ಚೇಂಬರಿಗೂ ತಗಡಿಗೂ ನಡುವೆ ಸುಮಾರು 20 ಮಿ.ಮೀ. ಅಂತರ ಬಿಡಿ. ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳು ಎಲ್ಲಿ ಹಾಯುತ್ತವೆಂದು ನೋಡಿಕೊಳ್ಳದೆ ಡ್ರಿಲ್ ಹಿಡಿಯಬೇಡಿ.

ದಪ್ಪ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ, ನಾನು ಒಪ್ಪುವುದಿಲ್ಲ. 60 ಸೆಂ.ಮೀ. ಅಗಲ, 70 ಸೆಂ.ಮೀ. ಉದ್ದದ 3 ಮಿ.ಮೀ. ಎಂ.ಎಸ್. (ಸಾಮಾನ್ಯ ಮೃದು ಉಕ್ಕಿನ) ತಗಡೇ ಸುಮಾರು 10 ಕೆ.ಜಿ. ತೂಗುತ್ತದೆ, 5 ಮಿ.ಮೀ. ಆದರೆ 16 ಕೆ.ಜಿ. ದಾಟುತ್ತದೆ. ಮೂರು ಮಿ.ಮೀ. ತಗಡಿನ ಮುಂದಂಚನ್ನು ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿಸಿದರೆ ಕಲ್ಲಿಗೆ ಸಿಕ್ಕಿಕೊಳ್ಳದೆ ಜಾರಿ ಮುಂದೆ ಹೋಗುತ್ತದೆ, ಅಷ್ಟು ಸಾಕು. ಅಲ್ಯೂಮಿನಿಯಂ ಹಗುರವೇನೋ ಹೌದು, ಆದರೆ ಕಬ್ಬಿಣಕ್ಕೆ ತಾಗುವಲ್ಲಿ ನೀರು ನಿಂತರೆ ಅದು ತಿಂದುಹೋಗುತ್ತದೆ. ನಡುವೆ ನೈಲಾನ್ ವಾಷರ್ ಕೊಡಬೇಕು.

ಮಲೆನಾಡಿನವರು ಮರೆಯಬಾರದ ಸಂಗತಿಯೊಂದಿದೆ. ದಾರಿಯ ದರಗೆಲೆ ತಗಡಿನ ಮೇಲೆ ಸೇರಿ, ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹತ್ತಬಹುದು. ಹಾಗಾಗಿ ಸೈಲೆನ್ಸರ್ ಪೈಪನ್ನೂ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಮುಚ್ಚಲೇಬೇಡಿ. ಗಾಳಿಯಾಡಲು ಉದ್ದುದ್ದ ಸೀಳುಗಳಿರಲಿ, ಎಣ್ಣೆ ಇಳಿಸುವ ಡ್ರೇನ್ ಬೋಲ್ಟಿನ ನೇರಕ್ಕೆ ಪಾನಾ ಹೋಗುವಷ್ಟು ದೊಡ್ಡ ತೂತಿರಲಿ, ಬೇಸಿಗೆಯಲ್ಲಿ ಆಗಾಗ ಬಗ್ಗಿ ನೋಡಿ ಎಲೆ ತೆಗೆಯಿರಿ.

ಕೆಲಸ ಮಾಡುವಾಗ ಬರೀ ಜಾಕನ್ನು ನಂಬಿ ವ್ಯಾನಿನ ಕೆಳಗೆ ಹೋಗಬೇಡಿ. ಗಟ್ಟಿ ಸಮತಟ್ಟು ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳ ಎರಡೂ ಬದಿಗೆ ಅಡೆ ಕೊಟ್ಟು, ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಎತ್ತಿ, ಭಾರ ಹೊರುವ ಕಬ್ಬಿಣದ ಜಾಕ್ ಸ್ಟ್ಯಾಂಡುಗಳ ಮೇಲೆ ಇಳಿಸಿ. ಜಂಬಿಟ್ಟಿಗೆ, ಹಾಲೋ ಬ್ಲಾಕ್ ಸ್ಟ್ಯಾಂಡ್ ಅಲ್ಲ. ಭಾರಕ್ಕೆ ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಬೋಲ್ಟುಗಳು 8.8 ಗ್ರೇಡಿನವಾಗಿದ್ದು (ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಗಟ್ಟಿ ಬಗೆ), ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್) ಇರಲಿ. ಮೊದಲ 200 ಕಿ.ಮೀ. ಓಡಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಿ. ಹಿಂದಿನ ಡಿಫರೆನ್ಷಿಯಲ್ಲಿಗೆ (ಹಿಂಚಕ್ರಗಳ ನಡುವಿನ ಗೇರುಗಳ ಗುಂಡು ಪೆಟ್ಟಿಗೆಗೆ) ಈ ತಗಡಿನ ರಕ್ಷಣೆ ಸಿಗುವುದಿಲ್ಲ. ಅದು ಚಕ್ರದೊಂದಿಗೆ ಮೇಲೆ ಕೆಳಗೆ ಆಡುವುದರಿಂದ ಬಾಡಿಯಿಂದ ತೂಗಿಸಿದ ಗಾರ್ಡ್ ಅಲ್ಲಿ ಹೊಂದುವುದೂ ಇಲ್ಲ. ದೊಡ್ಡ ಕಲ್ಲಿನ ಮೇಲೆ ಚಕ್ರವನ್ನೇ ಹತ್ತಿಸಿ ಸಾಗುವುದು, ಇಲ್ಲವೇ ಹಾರೆ ಹಿಡಿದು ಆ ಕಲ್ಲನ್ನೇ ಕೀಳುವುದು ಅದಕ್ಕಿರುವ ದಾರಿ.