ಸೊಸೆಯ ತೂಕಕ್ಕೆ ಯಾವ ಅಳತೆಗೋಲು?

ಮೈಸೂರಿನ ಓದುಗರೊಬ್ಬರ ಪತ್ರದ ಸಾರ: ಮಗ ಶಾಂಘೈಯಲ್ಲಿದ್ದಾನೆ, ಸೊಸೆ ಚೀನಾದವಳು. ಎತ್ತರ 160 ಸೆಂ.ಮೀ., ಬಸುರಿಯಾಗುವ ಮೊದಲು 54 ಕಿಲೋ ಇದ್ದಳು. ಈಗ 24 ವಾರ ತುಂಬಿದೆ, ಏರಿರುವುದು 4 ಕಿಲೋ ಮಾತ್ರ. ಮಗನ ಫೋನಿನಲ್ಲಿರುವ ಅಮೆರಿಕದ ಆ್ಯಪ್ ‘ಕಡಿಮೆ’ ಎಂದು ತೋರಿಸುತ್ತಿದೆ. ಬೀಗಿತ್ತಿ ದಿನಾ ಸೂಪು ಕುಡಿಸುತ್ತಿದ್ದಾರೆ. ಅಲ್ಲಿನ ಡಾಕ್ಟರು ಮಾತ್ರ ಸರಿಯಾಗಿದೆ ಎನ್ನುತ್ತಾರೆ. ಯಾರನ್ನು ನಂಬುವುದು? ತುಪ್ಪ, ಅಂಟಿನುಂಡೆ ಕಳಿಸಲೇ?

ಡಾಕ್ಟರನ್ನು ನಂಬಿ, ಅಮ್ಮಾ. ಲೆಕ್ಕ ಅವರ ಪರವಾಗಿಯೇ ಇದೆ.

ಚೀನಾದ ರಾಷ್ಟ್ರೀಯ ಆರೋಗ್ಯ ಆಯೋಗ 2022ರಲ್ಲಿ ತನ್ನ ದೇಶದ ಬಸುರಿಯರಿಗೆಂದೇ ತೂಕದ ಪಟ್ಟಿಯೊಂದನ್ನು ಹೊರಡಿಸಿತು. ನಿಮ್ಮ ಸೊಸೆಯ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಅಳೆಯುವ ಅಂಕಿ) 21ರ ಆಸುಪಾಸು; 18.5ರಿಂದ 24ರೊಳಗಿನವರಿಗೆ ಒಂಬತ್ತು ತಿಂಗಳಲ್ಲಿ ಒಟ್ಟು 8ರಿಂದ 14 ಕಿಲೋ ಏರಿದರೆ ಸಾಕು ಎನ್ನುತ್ತದೆ ಅದು. ಮೊದಲ ಮೂರು ತಿಂಗಳಲ್ಲಿ ಏನೂ ಏರದಿದ್ದರೂ ಚಿಂತೆಯಿಲ್ಲ, 2 ಕಿಲೋ ದಾಟಬಾರದು ಅಷ್ಟೆ. ಆಮೇಲೆ ವಾರಕ್ಕೆ 0.26ರಿಂದ 0.48 ಕಿಲೋ. ಹದಿಮೂರನೆಯ ವಾರದಿಂದ ಈಚೆಗೆ 11 ವಾರ ಕಳೆದಿವೆ: ಹಾಗಾದರೆ ಇವತ್ತಿಗೆ ಸುಮಾರು 2.9ರಿಂದ 7.3 ಕಿಲೋ ಏರಿರಬೇಕು. ನಾಲ್ಕು ಕಿಲೋ ಅದರೊಳಗೇ ಇದೆ.

ಆ್ಯಪ್ ಸುಳ್ಳು ಹೇಳುತ್ತಿಲ್ಲ, ಅದರ ಅಳತೆಗೋಲೇ ಬೇರೆ. ಅಮೆರಿಕದ 2009ರ ಪಟ್ಟಿ ಇದೇ ಮೈಕಟ್ಟಿಗೆ 11.5ರಿಂದ 16 ಕಿಲೋ ಕೇಳುತ್ತದೆ. ಅದರ ಪ್ರಕಾರ ಈ ಹೊತ್ತಿಗೆ ಕನಿಷ್ಠ 4.3 ಕಿಲೋ ಆಗಿರಬೇಕು. ಸ್ವಲ್ಪ ದಪ್ಪಗಿರುವವರಲ್ಲಿ ಈ ಅಂತರ ನಿಜಕ್ಕೂ ಅಪಾಯಕಾರಿ. ಬಿಎಂಐ 24.5 ಇರುವ ಹೆಂಗಸು ಅಮೆರಿಕದ ಲೆಕ್ಕದಲ್ಲಿ ಸಾಮಾನ್ಯ ತೂಕದವಳು, 16 ಕಿಲೋವರೆಗೆ ಏರಬಹುದು. ಚೀನಾದ ಲೆಕ್ಕದಲ್ಲಿ 24ಕ್ಕೇ ಅಧಿಕ ತೂಕ ಶುರು, ಮಿತಿ 7ರಿಂದ 11 ಕಿಲೋ. ಪಟ್ಟಿ ಬದಲಾದರೆ ಐದು ಕಿಲೋ ಬದಲಾಗುತ್ತದೆ! ತೂಕ ಮಿತಿಮೀರಿದರೆ ಸಕ್ಕರೆ ಕಾಯಿಲೆ, 4 ಕಿಲೋ ದಾಟಿದ ಮಗು, ಸಿಸೇರಿಯನ್, ಇವುಗಳ ಸಂಭವ ಹೆಚ್ಚು. (ಚೀನಾದ ಈ ಪಟ್ಟಿಯನ್ನು ನಮ್ಮೂರಿನ ಬಸುರಿಯರಿಗೆ ಹಾಗೇ ಹಚ್ಚಬೇಡಿ, ನಮ್ಮವರಿಗೆ ಬಿಎಂಐ 23ರಿಂದಲೇ ಎಚ್ಚರಿಕೆ. ಅವಳಿ ಮಕ್ಕಳಿದ್ದರಂತೂ ಲೆಕ್ಕವೇ ಬೇರೆ.)

ಇನ್ನೊಂದನ್ನು ಮಗನ ಹತ್ತಿರ ಕೇಳಿ ನೋಡಿ. ಚೀನಾದಲ್ಲಿ ಜನ ತೂಕ ಹೇಳುವುದು ‘ಜಿನ್’ ಲೆಕ್ಕದಲ್ಲಿ, ಒಂದು ಜಿನ್ ಎಂದರೆ ಅರ್ಧ ಕಿಲೋ. ಮನೆಯ ಎಷ್ಟೋ ತಕ್ಕಡಿಗಳು ಅದನ್ನೇ ತೋರಿಸುತ್ತವೆ. ಬೀಗಿತ್ತಿ ಎಂಟು ಏರಿದೆ ಎಂದರೆ ಅದು ನಾಲ್ಕು ಕಿಲೋ. ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಗಲಿ. ಒಂದು ವಾರದ ಅಂಕಿಗೆ ಗಾಬರಿ ಬೇಡ, ಮೂರು ನಾಲ್ಕು ವಾರ ಸೇರಿಸಿ ನೋಡಬೇಕು.

ಊಟದ ವಿಷಯ. ‘ಒಬ್ಬಳು ತಿಂದರೆ ಇಬ್ಬರಿಗೆ’ ಎಂಬ ಮಾತು ನಮ್ಮಲ್ಲಿದ್ದಂತೆ ಅಲ್ಲೂ ಇದೆ, ಇಬ್ಬರಿಗೂ ಅದು ಕೆಡುಕು. ಅಲ್ಲಿನ ಪೌಷ್ಟಿಕ ಮಾರ್ಗಸೂಚಿ ಈ ಹಂತದಲ್ಲಿ ಹೆಚ್ಚಿಗೆ ಕೇಳುವುದು ದಿನಕ್ಕೆ 200 ಗ್ರಾಂ ಹಾಲು, 50 ಗ್ರಾಂ ಮೀನು, ಮಾಂಸ ಅಥವಾ ಮೊಟ್ಟೆ, ಅಷ್ಟೇ. ಕೊನೆಯ ಮೂರು ತಿಂಗಳಲ್ಲಿ ಆ 50 ಗ್ರಾಂ 125 ಆಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಚೀನೀಯರಲ್ಲಿ ತೀರ ಸಾಮಾನ್ಯ. ಅವಳಿಗೂ ಹಾಗಾದರೆ ಸಕ್ಕರೆಯಿಲ್ಲದ ಮೊಸರು ಕೊಡಲಿ. ನೀವು ಅಲ್ಲಿಗೆ ಹೋದಾಗ ಹೆಪ್ಪು ಹಾಕುವುದು ಕಲಿಸಿ ಬನ್ನಿ, ತುಪ್ಪಕ್ಕಿಂತ ಅದು ದೊಡ್ಡ ಉಪಕಾರ.

ಬೀಗಿತ್ತಿಯ ಸೂಪಿಗೆ ಅಡ್ಡಿಯಿಲ್ಲ, ಆದರೆ ಕೋಳಿ, ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದರೂ ಪ್ರೋಟೀನು ಬಹುಪಾಲು ಮಾಂಸದಲ್ಲೇ ಉಳಿಯುತ್ತದೆ, ಸೂಪಿಗೆ ಇಳಿಯುವುದು ಕೊಬ್ಬು ಮತ್ತು ಉಪ್ಪು. ಮೇಲೆ ತೇಲುವ ಎಣ್ಣೆ ತೆಗೆದು, ಮಾಂಸ ತಿಂದು, ಸೂಪು ಒಂದು ಬಟ್ಟಲಿಗೆ ನಿಲ್ಲಿಸಲಿ. ಹಣ್ಣು ತಿಂದಷ್ಟೂ ಮಗು ಬೆಳ್ಳಗಾಗುತ್ತದೆ ಎಂದು ಕಿಲೋಗಟ್ಟಲೆ ತಿನ್ನಿಸುವವರಿದ್ದಾರೆ; ದಿನಕ್ಕೆ 200ರಿಂದ 300 ಗ್ರಾಂ ಸಾಕು. ಅಂಟಿನುಂಡೆ ಹೆರಿಗೆಯಾದ ಮೇಲೆ ಕಳಿಸಿ, ಈಗ ಬೇಡ.

ಈಗಲೇ ಆಗಬೇಕಾದ ಕೆಲಸ 75 ಗ್ರಾಂ ಗ್ಲೂಕೋಸ್ ಪರೀಕ್ಷೆ. ಅದಕ್ಕೆ ಸಮಯ 24ರಿಂದ 28ನೇ ವಾರ. ಅಲ್ಲಿನ ಮಿಲಿಮೋಲ್ (mmol/L) ಲೆಕ್ಕದಲ್ಲಿ ಬರಿಹೊಟ್ಟೆಯಲ್ಲಿ 5.1, ಒಂದು ಗಂಟೆಗೆ 10.0, ಎರಡು ಗಂಟೆಗೆ 8.5, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದರೂ ಗರ್ಭಿಣಿಯ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಅಂಕಿ ಚಿಕ್ಕದಾಗಿ ಕಾಣುತ್ತದೆಂದು ನಿರಾಳರಾಗಬೇಡಿ, 18ರಿಂದ ಗುಣಿಸಿದರೆ ನಮ್ಮ ಲ್ಯಾಬಿನ ಮಿಲಿಗ್ರಾಂ (mg/dL) ಅಂಕಿ ಬರುತ್ತದೆ. ಒಂದೇ ವಾರದಲ್ಲಿ ತೂಕ ಕಿಲೋದಷ್ಟು ಜಿಗಿದು ಮುಖ, ಕೈ ಊದಿ, ತಲೆನೋವು ಬಂದರೆ ಅದು ಊಟದ ತೂಕವಲ್ಲ. ಅಂದೇ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ ನೋಡಿಸಿಕೊಳ್ಳಲಿ.

— ಸಂ.