ರಿಟೈರ್ ಆದಮೇಲೆ ದೊಡ್ಡ ಪಾಲಿಸಿನೇ ಬೇಕಾ, ಸೂಪರ್ ಟಾಪ್-ಅಪ್ ಸಾಕಾ?

ಗದಗದಲ್ಲಿರುವ ನಿಮ್ಮ ತಂದೆಯವರು ಮುಂದಿನ ವರ್ಷ ರಿಟೈರ್ ಆಗ್ತಾರೆ, ಶುಗರ್ ಇದೆ, ಕಂಪನಿಯ ಗ್ರೂಪ್ ಆರೋಗ್ಯ ವಿಮೆ ಪಾಲಿಸಿ ಅಲ್ಲಿಗೇ ಮುಗಿಯುತ್ತೆ, ಆಮೇಲೆ 20 ಲಕ್ಷದ ಒಂದೇ ಪಾಲಿಸಿ ಮಾಡಿಸಬೇಕಾ ಅಥವಾ ಸಣ್ಣದಕ್ಕೆ ಟಾಪ್-ಅಪ್ (ಒಂದು ಮಿತಿ ದಾಟಿದ ಖರ್ಚಿಗೆ ಮಾತ್ರ ಕೊಡುವ ಹೆಚ್ಚುವರಿ ಪಾಲಿಸಿ) ಸೇರಿಸಬೇಕಾ ಅಂತ ಕೇಳಿದ್ದೀರಿ. ನಾನಾದರೆ ಎರಡನೆಯದು. ಆದರೆ ಟಾಪ್-ಅಪ್ ಅಲ್ಲ, ಸೂಪರ್ ಟಾಪ್-ಅಪ್. ನಮ್ಮ ಹುಬ್ಬಳ್ಳಿ ಕಡೆ ಕೆಲವು ಏಜೆಂಟರು "ಎರಡೂ ಒಂದೇ ರೀ" ಅಂದುಬಿಡ್ತಾರೆ. ಒಂದೇ ಅಲ್ಲ.

ಲೆಕ್ಕ ನೋಡ್ರಿ. ಮೂಲ ಪಾಲಿಸಿ 5 ಲಕ್ಷ, ಅದರ ಮೇಲೆ 5 ಲಕ್ಷ ಡಿಡಕ್ಟಿಬಲ್ (ಅಂದರೆ ಮೊದಲ 5 ಲಕ್ಷ ಇದು ಕೊಡಲ್ಲ, ಅದರ ಮೇಲಿನದಷ್ಟೇ) ಇರುವ 15 ಲಕ್ಷದ ಇನ್ನೊಂದು. ಒಂದೇ ಪಾಲಿಸಿ ವರ್ಷದಲ್ಲಿ ಜೂನ್‌ನಲ್ಲಿ ಸ್ಟೆಂಟ್ ಹಾಕಿಸಿ 4 ಲಕ್ಷ ಬಿಲ್, ಜನವರಿಯಲ್ಲಿ ಮತ್ತೆ ಅಡ್ಮಿಟ್ ಆಗಿ ಇನ್ನೊಂದು 4 ಲಕ್ಷ. ಮೂಲ ಪಾಲಿಸಿ 5 ಕೊಟ್ಟು ಸುಮ್ಮನಾಗುತ್ತೆ. ಉಳಿದ 3? ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತೆ, ಯಾವುದೂ 5 ದಾಟಿಲ್ಲ, ಒಂದು ರೂಪಾಯಿನೂ ಬರಲ್ಲ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸುತ್ತೆ, 8 ಆಯ್ತಲ್ವಾ, ಆ 3 ಕೊಡುತ್ತೆ. ಪ್ರೀಮಿಯಂ ಕೂಡ ಸಾಮಾನ್ಯವಾಗಿ 20 ಲಕ್ಷದ ಪಾಲಿಸಿಗಿಂತ ಕಡಿಮೆ.

ಮೂಲ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆಯಾ ನೋಡಿ. ದಿನಕ್ಕೆ 5,000 ಅಂತ ಇದ್ದು ನೀವು 8,000ದ ರೂಮ್ ಹಿಡಿದರೆ ಬರೀ ಆ 3,000 ಅಲ್ಲ ಕೈಬಿಡೋದು, ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಚಾರ್ಜ್ ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತೆ. ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರ್ ಮುಂದೆ ಜನ ಜಗಳ ಆಡೋದು ಬಹುತೇಕ ಇದಕ್ಕೇ. ಕೋ-ಪೇ (ಪ್ರತಿ ಬಿಲ್ಲಿನಲ್ಲಿ ನೀವು ಕೈಯಿಂದ ಕೊಡಬೇಕಾದ ಪಾಲು) ಇದ್ದರೆ ಶೇಕಡಾ ಎಷ್ಟು ಅಂತಾನೂ ಕೇಳಿ. ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ನೇರವಾಗಿ ಬಿಲ್ ಕಟ್ಟುವ) ಆಸ್ಪತ್ರೆಗಳ ಪಟ್ಟಿಯಲ್ಲಿ ಗದಗ ಮಾತ್ರ ಅಲ್ಲ, ಹುಬ್ಬಳ್ಳಿ-ಧಾರವಾಡದವೂ ಇರಬೇಕು, ದೊಡ್ಡ ಕಾಯಿಲೆಗೆ ಕೊನೆಗೆ ಇಲ್ಲಿಗೇ ಬರ್ತೀರಿ.

ರಿಟೈರ್ ಆಗೋವರೆಗೂ ಕಾಯಬೇಡಿ. ಮೊದಲೇ ಇರುವ ಕಾಯಿಲೆಗೆ ವಿಮಾ ಕಂಪನಿಗಳು 3 ವರ್ಷದವರೆಗೆ ವೇಟಿಂಗ್ ಪೀರಿಯಡ್ (ಆ ಕಾಯಿಲೆಯ ಖರ್ಚು ಕೊಡದೆ ಕಾಯಿಸುವ ಅವಧಿ) ಹಾಕಬಹುದು (2024ಕ್ಕೆ ಮೊದಲು 4 ಇತ್ತು), ಅದು ನೌಕರಿಯಲ್ಲಿದ್ದಾಗಲೇ ಓಡಲಿ. ಗ್ರೂಪ್ ಪಾಲಿಸಿಯನ್ನು ಅದೇ ವಿಮಾ ಕಂಪನಿಯಲ್ಲಿ ತಂದೆಯವರ ಸ್ವಂತ ಹೆಸರಿನ ಪಾಲಿಸಿಗೆ ಬದಲಾಯಿಸಿಕೊಳ್ಳೋಕೆ ಆಗುತ್ತಾ ಅಂತ ಎಚ್‌ಆರ್ ಹತ್ತಿರ ಈಗಲೇ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಅಷ್ಟಾದರೂ ಉಳೀತು.

ಅರ್ಜಿಯಲ್ಲಿ ಶುಗರ್ ಮುಚ್ಚಿಡಬೇಡಿ, ಏಜೆಂಟ್ "ಬರೀಬ್ಯಾಡ್ರಿ" ಅಂದರೂ ಕೇಳಬೇಡಿ. ಎರಡೂ ಪಾಲಿಸಿ ಒಂದೇ ತಾರೀಖಿಗೆ ಶುರುವಾಗಲಿ, ಇಲ್ಲದಿದ್ದರೆ ವರ್ಷದ ಲೆಕ್ಕ ಒಂದಕ್ಕೊಂದು ಹೊಂದಲ್ಲ, ಮೇಲಿನ 3 ಲಕ್ಷ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.